ದೀಪ ಏಕೆ ಮಗುಚುತ್ತದೆ, ಕ್ಲಿಪ್ ಏಕೆ ಮುರಿಯುತ್ತದೆ? ಸ್ವತಂತ್ರ ವಿನ್ಯಾಸಕಾರರ ಪ್ರಶ್ನೋತ್ತರ

ಸ್ವಂತವಾಗಿ ವಸ್ತು ವಿನ್ಯಾಸದ ಕೆಲಸ ಮಾಡುತ್ತಿರುವವರಿಂದಲೂ ಮಾಡಬೇಕೆಂದಿರುವವರಿಂದಲೂ ಬಂದ ಪತ್ರಗಳಲ್ಲಿ ಎಂಟನ್ನು ಈ ಸಲ ಆರಿಸಿಕೊಂಡಿದ್ದೇವೆ. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿ ಚಿಕ್ಕದು ಮಾಡಿದ್ದೇವೆ.

ಪ್ರಶ್ನೆ: ಹೊಸ ಕೆಲಸ ಶುರು ಮಾಡುವ ಮುಂಚೆ ನೂರಾರು ಚಿತ್ರ ಕೂಡಿಟ್ಟುಕೊಳ್ಳುತ್ತೇನೆ. ಕೊನೆಗೆ ನಾನು ಬಿಡಿಸಿದ್ದು ಅವುಗಳಲ್ಲೇ ಯಾವುದೋ ಒಂದರ ಪಡಿಯಚ್ಚಾಗಿರುತ್ತದೆ. ಹೆಸರಾಂತ ವಿನ್ಯಾಸಕಾರರಿಗೆ ಸ್ಫೂರ್ತಿ ಎಲ್ಲಿಂದ ಬರುತ್ತದೆ?

ಉತ್ತರ: ಚಿತ್ರದಲ್ಲಿ ಸಿಗುವುದು ಆಕಾರ. ಆ ಆಕಾರ ಯಾಕೆ ಬಂತು ಎಂಬುದು ಚಿತ್ರದಲ್ಲಿ ಕಾಣುವುದಿಲ್ಲ, ನಕಲಾಗುವುದು ಅದಕ್ಕೇ. ಬ್ರಾನ್ ಕಂಪನಿಗಾಗಿ ಜರ್ಮನ್ ವಿನ್ಯಾಸಕಾರ ಡೀಟರ್ ರಾಮ್ಸ್ ಮಾಡಿದ 1958ರ ಟಿ3 ಪಾಕೆಟ್ ರೇಡಿಯೊ ನೋಡಿದವರೆಲ್ಲ ಬಿಳಿ ಪೆಟ್ಟಿಗೆ, ದುಂಡು ಮೂಲೆ, ಸಾಲು ತೂತು ಬಿಡಿಸತೊಡಗುತ್ತಾರೆ. ಆ ತೂತುಗಳ ಹಿಂದೆ ಸ್ಪೀಕರ್ ಇತ್ತು. ಸ್ಪೀಕರೇ ಇಲ್ಲದ ಡಬ್ಬಿಗೆ ಅದೇ ತೂತು ಕೊರೆದರೆ ಧೂಳು ಸೇರುತ್ತದೆ, ಅಷ್ಟೇ.

ಕಾರಣ ಹುಡುಕುವುದು ಹೇಗೆಂದರೆ, ತೋನೆಟ್ ಕಂಪನಿಯ 14ನೇ ನಂಬರಿನ ಕುರ್ಚಿಯನ್ನು (1859) ನೋಡಿ. ಮರದ ಆರು ತುಂಡು, ಹತ್ತು ಸ್ಕ್ರೂ, ಎರಡು ನಟ್ಟು. ಬಿಚ್ಚಿಟ್ಟರೆ ಒಂದು ಘನ ಮೀಟರ್ ಪೆಟ್ಟಿಗೆಯಲ್ಲಿ 36 ಕುರ್ಚಿ ಹಿಡಿಸುತ್ತಿದ್ದವು. ಬೆನ್ನಿನ ಆ ಸೊಗಸಾದ ಬಾಗು ಹುಟ್ಟಿದ್ದು ಬೀಚ್ ಮರವನ್ನು ಹಬೆಯಲ್ಲಿ ಬೇಯಿಸಿ ಬಗ್ಗಿಸಿದ್ದರಿಂದ. ಹಬೆಗೆ ಮೆತ್ತಗಾದ ಮರ ಒತ್ತಿದರೆ ಚೆನ್ನಾಗಿ ಕುಗ್ಗುತ್ತದೆ, ಎಳೆದರೆ ಮಾತ್ರ ಶೇ 1–2ರಷ್ಟು ಹಿಗ್ಗುವಷ್ಟರಲ್ಲಿ ಹರಿಯುತ್ತದೆ. ಹಾಗಾಗಿ ಬಾಗಿನ ಹೊರಮೈಗೆ ಉಕ್ಕಿನ ಪಟ್ಟಿ ಬಿಗಿದು, ಮರ ಹಿಗ್ಗದೆ ಒಳಮೈ ಕುಗ್ಗುವಂತೆ ಮಾಡಿದರು. ಈ ಪಟ್ಟಿಯ ಕಥೆ ತಿಳಿದವನಿಗೆ ಮರದ ಬಾಗು ಎಲ್ಲಿಯವರೆಗೆ ಹೋಗುತ್ತದೆ, ಎಲ್ಲಿ ಮುರಿಯುತ್ತದೆ ಎಂಬುದೂ ತಿಳಿಯುತ್ತದೆ. ಕುರ್ಚಿಯ ಫೋಟೊ ಇದನ್ನು ಹೇಳುವುದಿಲ್ಲ.

ಇಟಲಿಯ ವಿನ್ಯಾಸಕಾರರಾದ ಅಕಿಲೆ ಮತ್ತು ಪಿಯರ್ ಜಾಕೊಮೊ ಕಾಸ್ಟಿಲಿಯೋನಿ ಸಹೋದರರು 1957ರಲ್ಲಿ ಟ್ರ್ಯಾಕ್ಟರಿನ ಸೀಟನ್ನೇ ತಂದು ಮೆಜಾದ್ರೊ ಎಂಬ ಸ್ಟೂಲ್ ಮಾಡಿದರು. ತಮಾಷೆಯಂತೆ ಕಾಣುತ್ತದೆ, ಆದರೆ ಅವರು ಎತ್ತಿಕೊಂಡದ್ದು ಸೀಟಿನ ಜೊತೆಗೆ ಅದರ ಉಕ್ಕಿನ ಪಟ್ಟಿಯನ್ನೂ: ಹೊಲದಲ್ಲಿ ಕುಲುಕಾಟ ತಡೆಯುವ ಆ ಪಟ್ಟಿ ಮನೆಯಲ್ಲಿ ಸ್ಪ್ರಿಂಗ್ ಆಯಿತು. ಜಪಾನಿನ ವಿನ್ಯಾಸಕಾರ ನಾವೊಟೊ ಫುಕಾಸಾವಾ ಗೋಡೆಗೆ ನೇತುಹಾಕುವ ಸಿಡಿ ಪ್ಲೇಯರ್ ಮಾಡಿದಾಗ ಹಗ್ಗ ಎಳೆದು ಶುರು ಮಾಡುವ ಫ್ಯಾನಿನ ಅಭ್ಯಾಸವನ್ನು ತೆಗೆದುಕೊಂಡರು. ತಿರುಗುವ ತಟ್ಟೆ, ಎಳೆಯುವ ಹಗ್ಗ. ಹೇಗೆ ಬಳಸಬೇಕೆಂದು ಯಾರಿಗೂ ಹೇಳಿಕೊಡಬೇಕಾಗಿ ಬರಲಿಲ್ಲ.

ಅಭ್ಯಾಸಕ್ಕೆ ಹೀಗೆ ಮಾಡಿ. ವಾರಕ್ಕೊಂದು ಸಣ್ಣ ವಸ್ತು ಬಿಚ್ಚಿ: ಸ್ಟೇಪ್ಲರ್, ಹಳೆಯ ಟಾರ್ಚು, ಕೆಟ್ಟ ಮೌಸ್. ವರ್ನಿಯರ್ ಕ್ಯಾಲಿಪರಿನಿಂದ ಗೋಡೆಯ ದಪ್ಪವನ್ನು ಐದು ಕಡೆ ಅಳೆದು ಬರೆದಿಡಿ. ಅಚ್ಚಿನ ಎರಡು ಭಾಗ ಸೇರುವ ಗೆರೆ ಎಲ್ಲಿದೆ, ಪ್ಲಾಸ್ಟಿಕ್ ಒಳಹೊಕ್ಕ ಜಾಗದ ಗುರುತು ಯಾವುದು, ತುಂಡನ್ನು ಅಚ್ಚಿನಿಂದ ಹೊರತಳ್ಳುವ ಪಿನ್ನುಗಳ ದುಂಡು ಗುರುತು ಎಲ್ಲೆಲ್ಲಿವೆ ಎಂದು ಹುಡುಕಿ. ನಡುವೆ ಸೀಳಿದಂತೆ ಒಂದು ಅಡ್ಡಕೊಯ್ತದ ಚಿತ್ರ ಬರೆಯಿರಿ. ಕೊನೆಯಲ್ಲಿ ಒಂದೇ ಪ್ರಶ್ನೆ: ಈ ಸ್ಕ್ರೂ ಇಲ್ಲದಿದ್ದರೆ ಏನಾಗುತ್ತಿತ್ತು? ಹತ್ತು ವಸ್ತು ಮುಗಿಯುವಷ್ಟರಲ್ಲಿ ಚಿತ್ರಗಳ ಕಡತ ತೆರೆಯುವ ಆಸೆ ತಾನಾಗಿಯೇ ಕಡಿಮೆಯಾಗುತ್ತದೆ.

ಪ್ರಶ್ನೆ: ಉದ್ದನೆ ತೋಳಿನ ಮೇಜುದೀಪ ಮಾಡಿದ್ದೇನೆ. ತೋಳು ಚಾಚಿದರೆ ಮುಂದಕ್ಕೆ ಮಗುಚುತ್ತದೆ. ಸ್ಪ್ರಿಂಗ್ ಹಾಕಿದೆ, ಆದರೂ ಮಗುಚುತ್ತದೆ. ಮಂಡೆ (ಬೆಳಕಿರುವ ತುದಿ) 250 ಗ್ರಾಂ, ತೋಳು 200 ಗ್ರಾಂ, ಪೂರ್ತಿ ಚಾಚಿದಾಗ ಮಂಡೆ ತಳದ ನಡುವಿನಿಂದ 400 ಮಿ.ಮೀ. ದೂರ. ತಳ 180 ಮಿ.ಮೀ. ವ್ಯಾಸದ್ದು. ಎಷ್ಟು ತೂಕ ಬೇಕು?

ಉತ್ತರ: ಸ್ಪ್ರಿಂಗಿನಿಂದ ಮಗುಚುವುದು ನಿಲ್ಲುವುದಿಲ್ಲ. ಸ್ಪ್ರಿಂಗ್ ತೋಳನ್ನು ನಿಂತ ಜಾಗದಲ್ಲಿ ಹಿಡಿಯುತ್ತದೆ, ಆದರೆ ಮಂಡೆಯ ಭಾರ ಹಾಗೇ ತಳಕ್ಕೆ ಇಳಿಯುತ್ತದೆ. ವಾಹನಗಳ ಸಸ್ಪೆನ್ಷನ್ ಎಂಜಿನಿಯರ್ ಆಗಿದ್ದ ಜಾರ್ಜ್ ಕಾರ್ವರ್ಡೈನ್ 1932ರಲ್ಲಿ ಪೇಟೆಂಟ್ ಪಡೆದ ಆ್ಯಂಗಲ್‌ಪಾಯ್ಸ್ ದೀಪಕ್ಕೂ ಭಾರವಾದ ತಳ ಬೇಕೇ ಬೇಕಾಯಿತು. ಸ್ಪ್ರಿಂಗಿನ ಕೆಲಸ ಬೇರೆ, ತಳದ ಕೆಲಸ ಬೇರೆ.

ದೀಪ ಮಗುಚುವುದು ತಳದ ಅಂಚಿನ ಮೇಲೆ, ನಡುವಿನ ಮೇಲಲ್ಲ. ಆದ್ದರಿಂದ ಎಲ್ಲ ದೂರವನ್ನೂ ಅಂಚಿನಿಂದ ಅಳೆಯಬೇಕು. ಮಂಡೆ ಅಂಚಿನಿಂದ 400−90=310 ಮಿ.ಮೀ. ಆಚೆ: 250×310=77,500. ತೋಳಿನ ತೂಕ ಅದರ ನಡುವಿನಲ್ಲಿ, ಅಂದರೆ 200 ಮಿ.ಮೀ.ಯಲ್ಲಿ ಇದೆಯೆಂದು ಹಿಡಿದರೆ ಅಂಚಿನಿಂದ 110 ಮಿ.ಮೀ. ಆಚೆ: 200×110=22,000. ಒಟ್ಟು 99,500. ಇದನ್ನು ತಡೆಯುವುದು ತಳದ ತೂಕ, ಅದರ ದೂರ 90 ಮಿ.ಮೀ. ಆದ್ದರಿಂದ 90ರಿಂದ ಭಾಗಿಸಿದರೆ ಸುಮಾರು 1,105 ಗ್ರಾಂ. ಅದು ಎರಡೂ ಕಡೆ ಸರಿಸಮ ನಿಲ್ಲುವ ತೂಕ, ವೈರ್ ಸ್ವಲ್ಪ ಎಳೆದರೂ ಬೀಳುತ್ತದೆ. ಒಂದೂವರೆ ಪಟ್ಟು ಇಡಿ: ಸುಮಾರು 1.66 ಕೆ.ಜಿ. ಅದೇ ವ್ಯಾಸದ 8 ಮಿ.ಮೀ. ದಪ್ಪದ ಉಕ್ಕಿನ ತಟ್ಟೆ ಸುಮಾರು 1.6 ಕೆ.ಜಿ. ತೂಗುತ್ತದೆ. ನಟ್ಟು, ಕಂಬ ಸೇರಿ ಸರಿಹೋಗುತ್ತದೆ.

ಎರಡು ಜಾಗದಲ್ಲಿ ಲೆಕ್ಕ ಕೈಕೊಡುತ್ತದೆ. ತಳದ ಕೆಳಗೆ ರಬ್ಬರ್ ಗುಂಡಿ ಅಂಟಿಸಿ ಅವನ್ನು ಅಂಚಿನಿಂದ 10 ಮಿ.ಮೀ. ಒಳಗಿಟ್ಟರೆ ನಿಜವಾದ ಅಂಚು 90 ಅಲ್ಲ, 80. ಸರಿಸಮ ತೂಕ 1,300 ಗ್ರಾಂಗೆ ಏರುತ್ತದೆ. ಅದೂ ಗುಂಡಿಗಳು ಬೇಕಾದಷ್ಟು ಇದ್ದರೆ. ಮೂರೇ ಕಾಲು ಇಟ್ಟರೆ ಕಥೆಯೇ ಬೇರೆ: ಎರಡು ಕಾಲುಗಳನ್ನು ಸೇರಿಸುವ ಗೆರೆ ನಡುವಿನಿಂದ ಕಾಲಿನ ದೂರದ ಅರ್ಧದಲ್ಲೇ ಹಾದುಹೋಗುತ್ತದೆ. 90 ಮಿ.ಮೀ.ಯಲ್ಲಿ ಮೂರು ಕಾಲು ಇದ್ದು ತೋಳು ಎರಡು ಕಾಲುಗಳ ನಡುವೆ ಚಾಚಿದರೆ ತಡೆಯುವ ದೂರ 45 ಮಾತ್ರ, ಬೇಕಾದ ತೂಕ ಸುಮಾರು 2,660 ಗ್ರಾಂ. ಮೂರು ಕಾಲಿನ ವಸ್ತು ಕುಂಟುವುದಿಲ್ಲ ನಿಜ. ಆದರೆ ಅದು ಸುಲಭವಾಗಿ ಬೀಳುತ್ತದೆ.

ತೂಕ ಏರಿಸುವ ಮೊದಲು ಮಂಡೆ ಇಳಿಸಿ. ಮಂಡೆಯಿಂದ 50 ಗ್ರಾಂ ತೆಗೆದರೆ ತಳದಲ್ಲಿ ಸರಿಸಮ ಲೆಕ್ಕಕ್ಕೇ ಸುಮಾರು 172 ಗ್ರಾಂ ಉಳಿಯುತ್ತದೆ. ಎಲ್‌ಇಡಿ ಡ್ರೈವರನ್ನು (ದೀಪಕ್ಕೆ ವಿದ್ಯುತ್ ಹದಗೊಳಿಸಿ ಕೊಡುವ ಭಾಗ) ಮಂಡೆಯಿಂದ ತೆಗೆದು ತಳಕ್ಕೆ ಹಾಕುವುದೇ ಹಲವು ಸಲ ಸಾಕು. ಮೂಗಿಗಿಂತ ಮೂಗುತಿ ಭಾರ ಎನ್ನುವಂಥ ದೀಪಗಳೇ ಹೆಚ್ಚು ಮಗುಚುವುದು.

ತೋಳು ಮೆಲ್ಲಗೆ ಜೋತುಬೀಳುವುದು ಬೇರೆ ರೋಗ. ಚಾಚಿದ ತೋಳಿನ ಬುಡದ ಕೀಲಿಗೆ ಇಲ್ಲಿ ಸುಮಾರು 1.4 ನ್ಯೂಟನ್-ಮೀಟರ್ ತಿರುಚು ಬರುತ್ತದೆ. ತೋಳು ತಿರುಗಿದಾಗಲೆಲ್ಲ ವಾಷರ್ ತಿರುಗುತ್ತದೆ, ವಾಷರ್ ತಿರುಗಿದಾಗ ನಟ್ಟು ಸಡಿಲವಾಗುತ್ತದೆ. ಸುತ್ತದಂತೆ ನಾಲಗೆ ಇರುವ ವಾಷರ್ ನಡುವೆ ಹಾಕಿ, ಮೇಲೆ ಬಟ್ಟಲಿನಾಕಾರದ ಸ್ಪ್ರಿಂಗ್ ವಾಷರ್, ಕೊನೆಗೆ ನೈಲಾನ್ ಉಂಗುರದ ನಟ್ಟು.

ಪ್ರಶ್ನೆ: ಎಬಿಎಸ್ ಪ್ಲಾಸ್ಟಿಕ್ ಡಬ್ಬಿಗೆ ಮೋಲ್ಡ್ (ಅಚ್ಚು) ಆಯಿತು. ಮೊದಲ ತುಂಡುಗಳಲ್ಲಿ ಹೊರಮೈಯಲ್ಲಿ ತಗ್ಗು ಬಿದ್ದಿದೆ, ಸ್ಕ್ರೂ ಹಾಕುವ ಕಂಬಗಳು ಸೀಳುತ್ತಿವೆ. ಗೋಡೆ 2.5 ಮಿ.ಮೀ., ಒಳಗೆ ಬಿಗಿತ ಕೊಡುವ ಏಣು, ಅಂದರೆ ರಿಬ್ಬೂ 2.5 ಮಿ.ಮೀ. ಇಟ್ಟಿದ್ದೆ. ಗಟ್ಟಿಯಾಗಿರಲಿ ಎಂದು.

ಉತ್ತರ: ಗಟ್ಟಿಯಾಗಿರಲಿ ಎಂದು ಮಾಡಿದ್ದೇ ತೊಂದರೆ. ಬಿಸಿ ಪ್ಲಾಸ್ಟಿಕ್ ತಣ್ಣಗಾಗುವಾಗ ಕುಗ್ಗುತ್ತದೆ: ಎಬಿಎಸ್ ಶೇ 0.4–0.7, ಪಾಲಿಪ್ರೊಪಿಲೀನ್ ಶೇ 1–2.5. ರಿಬ್ ಗೋಡೆಗೆ ಸೇರುವ ಜಾಗ ದಪ್ಪ, ಅದು ಕೊನೆಗೆ ತಣ್ಣಗಾಗುತ್ತದೆ. ಅಷ್ಟರಲ್ಲಿ ಹೊರಮೈ ಹೆಪ್ಪುಗಟ್ಟಿರುತ್ತದೆ. ಒಳಗಿನದು ಕುಗ್ಗುತ್ತ ಹೊರಮೈಯನ್ನು ಒಳಕ್ಕೆ ಸೆಳೆಯುತ್ತದೆ. ಅದೇ ನಿಮ್ಮ ತಗ್ಗು. ರಿಬ್ಬಿನ ಬುಡ ಗೋಡೆಯ ದಪ್ಪದ ಶೇ 50–60 ದಾಟಬಾರದು: ನಿಮ್ಮ ಗೋಡೆಗೆ 1.25ರಿಂದ 1.5 ಮಿ.ಮೀ. ಸಾಕು. ರಿಬ್ಬಿನ ಎತ್ತರ ಗೋಡೆಯ ದಪ್ಪದ ಮೂರು ಪಟ್ಟಿನೊಳಗೆ. ಬಿಗಿತ ಸಾಲದಿದ್ದರೆ ಒಂದು ದಪ್ಪ ರಿಬ್ಬಿನ ಬದಲು ಎರಡು ತೆಳು ರಿಬ್ ಹಾಕಿ.

ಸ್ಕ್ರೂ ಕಂಬ ಸೀಳುವುದಕ್ಕೆ ಮೂರು ಕಾರಣ ನೋಡಿ. ತೂತು ಚಿಕ್ಕದು: ಪ್ಲಾಸ್ಟಿಕ್ಕಿಗೆಂದೇ ಮಾಡಿದ 3 ಮಿ.ಮೀ. ಸ್ಕ್ರೂವಿಗೆ ಎಬಿಎಸ್‌ನಲ್ಲಿ ಸುಮಾರು 2.4 ಮಿ.ಮೀ. ತೂತು ಬೇಕು. ಕಂಬ ತೆಳು: ಹೊರವ್ಯಾಸ ಸ್ಕ್ರೂವಿನ ಎರಡರಿಂದ ಎರಡೂವರೆ ಪಟ್ಟು, ಅಂದರೆ 6–7.5 ಮಿ.ಮೀ. ಇರಲಿ. ಮೂರನೆಯದು, ತೂತಿನ ಬಾಯಲ್ಲಿ ಸಣ್ಣ ತಗ್ಗು ಇಲ್ಲದಿದ್ದರೆ ಮೊದಲ ಸುತ್ತಿನ ಒತ್ತಡವೆಲ್ಲ ಅಂಚಿಗೇ ಬೀಳುತ್ತದೆ. ತೂತಿನ ಬಾಯನ್ನು 1 ಮಿ.ಮೀ. ಆಳಕ್ಕೆ ಸ್ಕ್ರೂವಿನ ವ್ಯಾಸಕ್ಕಿಂತ ತುಸು ಅಗಲ ಮಾಡಿ. ಸ್ಕ್ರೂ ಕೈಯಲ್ಲಿ ತಿರುಗಿಸಿದಾಗ ಸರಿ, ಪವರ್ ಸ್ಕ್ರೂಡ್ರೈವರಿನಲ್ಲಿ ಸೀಳುತ್ತದೆ ಎಂದಾದರೆ ಟಾರ್ಕ್ (ತಿರುಚುವ ಬಲ) ಹೆಚ್ಚು, ವಿನ್ಯಾಸದ ತಪ್ಪಲ್ಲ.

ಕಂಬವೂ ದಪ್ಪವೇ ಆಗುವುದರಿಂದ ಗೋಡೆಗೆ ಅಂಟಿಸಿದರೆ ಅದರ ಹಿಂದೆಯೂ ತಗ್ಗು ಬೀಳುತ್ತದೆ. ಕಂಬವನ್ನು ಗೋಡೆಯಿಂದ ಸರಿಸಿ, ತೆಳು ರಿಬ್ಬಿನಿಂದ ಜೋಡಿಸಿ. ಕಂಬ ಕೂರುವ ಮೈಯೇ ಕಣ್ಣಿಗೆ ಬೀಳುವ ಮೈಯಾಗಿದ್ದರೆ ಕಂಬದ ಸುತ್ತ ಸಣ್ಣ ಕಾಲುವೆಯಂತೆ ಗೋಡೆ ತೆಳುವು ಮಾಡಬೇಕಾಗುತ್ತದೆ.

ಒಳಮೂಲೆಗಳನ್ನೂ ಒಮ್ಮೆ ನೋಡಿ: ಚೂಪು ಮೂಲೆಯಲ್ಲೇ ಬಿರುಕು ಶುರುವಾಗುತ್ತದೆ. ಒಳತ್ರಿಜ್ಯ ಗೋಡೆಯ ಅರ್ಧ, ಅಂದರೆ 1.25. ಹೊರತ್ರಿಜ್ಯ ಅದಕ್ಕೆ ಗೋಡೆ ಸೇರಿಸಿದಷ್ಟು, 3.75. ಅಚ್ಚಿನಿಂದ ತುಂಡು ಸಲೀಸಾಗಿ ಹೊರಬರಲು ಪ್ರತಿ ಮೈಗೂ ಒಂದು ಡಿಗ್ರಿ ಇಳಿಜಾರು ಬೇಕು. 30 ಮಿ.ಮೀ. ಆಳಕ್ಕೆ ಅದು ಸುಮಾರು ಅರ್ಧ ಮಿ.ಮೀ. ಆಗುತ್ತದೆ. ಹೊರಮೈಗೆ ಒರಟು ಮೇಲ್ಮೈ ಇದ್ದರೆ ಅದರ ಆಳ 0.025 ಮಿ.ಮೀ. ಏರಿದಂತೆಲ್ಲ ಇನ್ನೂ 1ರಿಂದ 1.5 ಡಿಗ್ರಿ ಸೇರಿಸಿ. ಇಲ್ಲದಿದ್ದರೆ ತುಂಡು ಹೊರಬರುವಾಗ ಗೀರು ಬೀಳುತ್ತದೆ.

ನಿಮ್ಮ ಪತ್ರದಲ್ಲಿ ಒಂದು ಒಳ್ಳೆಯ ಸುದ್ದಿಯಿದೆ: ತೂತಿನ ಪಿನ್ ಬದಲಿಸುವುದು ಸುಲಭ. ರಿಬ್ ದಪ್ಪವಿರುವಲ್ಲಿ ಅಚ್ಚಿನ ಉಕ್ಕು ಈಗಾಗಲೇ ಕೊರೆದಾಗಿದೆ ಎಂಬುದು ಮಾತ್ರ ಕೆಟ್ಟದ್ದು. ಅಚ್ಚಿನಲ್ಲಿ ಉಕ್ಕು ಕೊರೆದು ತೆಗೆಯಬಹುದು, ತುಂಬಬೇಕಾದರೆ ವೆಲ್ಡಿಂಗ್ ಮಾಡಬೇಕು ಇಲ್ಲವೇ ತುಂಡು ಕೂರಿಸಬೇಕು. ಮುಂದಿನ ಸಲ ಸಂಶಯವಿರುವ ರಿಬ್ ತೆಳುವಾಗಿಯೇ ಶುರು ಮಾಡಿ, ಸಾಲದಿದ್ದರೆ ದಪ್ಪ ಮಾಡಿಸಿ.

ಪ್ರಶ್ನೆ: ಪಿಎಲ್‌ಎಯಲ್ಲಿ (3ಡಿ ಪ್ರಿಂಟರಿನ ಒಂದು ಪ್ಲಾಸ್ಟಿಕ್) ಪ್ರಿಂಟ್ ಮಾಡಿದ ಮುಚ್ಚಳದ ಕ್ಲಿಪ್ ಎರಡನೇ ಸಲಕ್ಕೇ ಮುರಿಯುತ್ತದೆ. ಮೋಲ್ಡ್ ಮಾಡಿದರೂ ಹೀಗೆಯೇ ಆಗುತ್ತದೆಯೇ?

ಉತ್ತರ: ಪ್ರಿಂಟ್‌ನಲ್ಲಿ ಮುರಿದದ್ದೆಲ್ಲ ಮೋಲ್ಡ್‌ನಲ್ಲೂ ಮುರಿಯಬೇಕೆಂದಿಲ್ಲ. ಮೊದಲು ಪ್ರಿಂಟಿನ ಪದರಗಳ ದಿಕ್ಕು ನೋಡಿ. ಕ್ಲಿಪ್ ನೆಟ್ಟಗೆ ನಿಂತು ಪ್ರಿಂಟಾದರೆ ಬಾಗಿದಾಗ ಎರಡು ಪದರಗಳ ನಡುವೆ ಬಿಡುತ್ತದೆ. ಮಲಗಿಸಿ ಪ್ರಿಂಟ್ ಮಾಡಿ. ಮುಚ್ಚಳ–ಡಬ್ಬಿ ನಡುವೆ ಪ್ರತಿ ಬದಿಗೆ 0.2–0.3 ಮಿ.ಮೀ. ಅಂತರ ಬಿಡಿ.

ಆಮೇಲೆ ಲೆಕ್ಕ. ಒಂದು ತುದಿ ಹಿಡಿದ ಕ್ಲಿಪ್‌ನ ಬುಡದಲ್ಲಿ ಬೀಳುವ ಹಿಗ್ಗು: ದಪ್ಪವನ್ನು ಬಾಗುವ ದೂರದಿಂದ ಗುಣಿಸಿ, ಮೂರರಿಂದ ಗುಣಿಸಿ, ಉದ್ದದ ವರ್ಗದ ಎರಡರಷ್ಟರಿಂದ ಭಾಗಿಸಿ. 2 ಮಿ.ಮೀ. ದಪ್ಪ, 1 ಮಿ.ಮೀ. ಬಾಗು, 8 ಮಿ.ಮೀ. ಉದ್ದ ಆದರೆ ಶೇ 4.7. ಎಬಿಎಸ್‌ನಲ್ಲಿ ಶೇ 2ರ ಆಚೆ ಹೋಗದಿರುವುದು ಒಳ್ಳೆಯದು, ಮತ್ತೆ ಮತ್ತೆ ತೆರೆಯುವ ಮುಚ್ಚಳವಾದರೆ ಇನ್ನೂ ಕಡಿಮೆ. ಉದ್ದ 15 ಮಾಡಿ: ಶೇ 1.3. ಉದ್ದ ವರ್ಗವಾಗಿ ಕೆಲಸ ಮಾಡುವುದರಿಂದ ಕ್ಲಿಪ್ ಉದ್ದ ಮಾಡುವುದಕ್ಕಿಂತ ಅಗ್ಗದ ಉಪಾಯವಿಲ್ಲ. ಜಾಗವಿಲ್ಲದಿದ್ದರೆ ಅಕ್ಕಪಕ್ಕ ಗೋಡೆಯನ್ನೇ ಸೀಳಿ ಉದ್ದ ತೆಗೆಯಬಹುದು. ದಪ್ಪ ಮಾಡಿದರೆ ಕ್ಲಿಪ್ ಗಟ್ಟಿಯಾಗುತ್ತದೆ ಎನ್ನುವುದು ಭ್ರಮೆ. ಅದೇ ದೂರಕ್ಕೆ ಬಾಗಿಸಿದಾಗ ದಪ್ಪ ಕ್ಲಿಪ್ ಬೇಗ ಮುರಿಯುತ್ತದೆ.

ಪ್ರಶ್ನೆ: ಅಡುಗೆಮನೆಯ ಉಪಕರಣದ ಹಿಡಿಯನ್ನು ಹೇಗೆ ತೀರ್ಮಾನಿಸುವುದು? ಕಂಪ್ಯೂಟರಿನಲ್ಲಿ ಚೆನ್ನಾಗಿ ಕಾಣುವುದು ಕೈಯಲ್ಲಿ ಸರಿ ಇರುವುದಿಲ್ಲ.

ಉತ್ತರ: ಕಂಪ್ಯೂಟರ್ ಮುಚ್ಚಿಡಿ. ಗಟ್ಟಿ ಫೋಮ್‌ನಲ್ಲಿ 30, 35, 40 ಮಿ.ಮೀ. ದಪ್ಪದ ಮೂರು ದುಂಡು ಹಿಡಿ, ಅದೇ ಸುತ್ತಳತೆಯ ಎರಡು ಅಂಡಾಕಾರದ ಹಿಡಿ ಕೊರೆಯಿರಿ. ಮುಷ್ಟಿಯಲ್ಲಿ ಬಲವಾಗಿ ಹಿಡಿಯುವ ಉಪಕರಣಕ್ಕೆ 30–40 ಮಿ.ಮೀ. ಸರಿಯಾದ ವ್ಯಾಪ್ತಿ, ಬೆರಳತುದಿಯಲ್ಲಿ ಹಿಡಿಯುವುದಕ್ಕೆ 8–13. ಉದ್ದ 100 ಮಿ.ಮೀ.ಗಿಂತ ಕಡಿಮೆಯಾದರೆ ತುದಿ ಅಂಗೈಗೆ ಚುಚ್ಚುತ್ತದೆ. 115–120 ಇರಲಿ. ಫೋಮ್ ಹಗುರ, ಅದು ಸುಳ್ಳು ಹೇಳುತ್ತದೆ. ಒಳಗೆ ನಟ್ಟು ಹೂತು ನಿಜವಾದ ತೂಕಕ್ಕೆ ತನ್ನಿ. ಆಮೇಲೆ ಸೋಪುನೀರಿನಲ್ಲಿ ಅದ್ದಿದ ಕೈಗೆ ಕೊಟ್ಟು ಕೆಲಸ ಮಾಡಿಸಿ, ಏನೂ ಕೇಳದೆ ನೋಡಿ. ಹಿಡಿತ ಬದಲಿಸಿದ ಪ್ರತಿ ಸಲವೂ ಗುರುತು ಹಾಕಿ.

ಸರಾಸರಿ ಕೈಗೆ ಮಾಡಬೇಡಿ. ಚಿಕ್ಕ ಕೈ, ದೊಡ್ಡ ಕೈ, ನೋವಿರುವ ಕೈ: ಈ ಮೂರಕ್ಕೆ ಸರಿಯಾದರೆ ನಡುವಿನವರಿಗೆ ತಾನಾಗಿ ಸರಿಯಾಗುತ್ತದೆ. 1990ರಲ್ಲಿ ಬಂದ ಆಕ್ಸೊ ಗುಡ್ ಗ್ರಿಪ್ಸ್ ಹುಟ್ಟಿದ್ದೇ ಹೀಗೆ. ಸ್ಯಾಮ್ ಫಾರ್ಬರ್ ತಮ್ಮ ಪತ್ನಿ ಬೆಟ್ಸಿ ಅವರ ಸಂಧಿವಾತದ ಕೈಗೆ ಸಿಪ್ಪೆ ಹೆರೆಯುವ ಚಾಕು ಹಿಡಿಯಲಾಗದ್ದನ್ನು ಕಂಡು, ಸ್ಮಾರ್ಟ್ ಡಿಸೈನ್ ಸಂಸ್ಥೆಯ ಜೊತೆ ದಪ್ಪನೆಯ ಮೆತ್ತನೆ ರಬ್ಬರ್ ಹಿಡಿ ಮಾಡಿಸಿದರು. ಕೊಂಡವರಲ್ಲಿ ಹೆಚ್ಚಿನವರಿಗೆ ಸಂಧಿವಾತವಿರಲಿಲ್ಲ.

ಪ್ರಶ್ನೆ: ಎಷ್ಟು ಮಾದರಿ ಮಾಡಬೇಕು? ಡೈಸನ್ 5,127 ಮಾಡಿದರಂತೆ.

ಉತ್ತರ: ಚೀಲವಿಲ್ಲದ ವ್ಯಾಕ್ಯೂಮ್ ಕ್ಲೀನರಿಗಾಗಿ ಜೇಮ್ಸ್ ಡೈಸನ್ ಹೇಳಿಕೊಳ್ಳುವ ಲೆಕ್ಕ ಅದೇ. ಗಾಳಿಯನ್ನು ಸುತ್ತಿಸಿ ಧೂಳು ಬೇರ್ಪಡಿಸುವ ಸೈಕ್ಲೋನಿನ ಆಕಾರದಲ್ಲಿ ಒಂದೊಂದೇ ಬದಲಾವಣೆ ಮಾಡಿ ಅಳೆಯುತ್ತ ಹೋಗಿದ್ದರಿಂದ ಸಂಖ್ಯೆ ಬೆಳೆಯಿತು. ನಿಮಗೆ ಬೇಕಾದದ್ದು ಸಂಖ್ಯೆಯಲ್ಲ: ಒಂದು ಮಾದರಿ ಒಂದೇ ಪ್ರಶ್ನೆಗೆ ಉತ್ತರ ಹೇಳಲಿ. ಗಾತ್ರಕ್ಕೆ ರಟ್ಟು, ಹಿಡಿತಕ್ಕೆ ಫೋಮ್, ಕೀಲಿಗೆ ಪ್ರಿಂಟ್, ಬಣ್ಣಕ್ಕೆ ಮರಳುಕಾಗದ ಹಾಕಿ ಬಣ್ಣ ಬಳಿದ ತುಂಡು. ಎಲ್ಲವನ್ನೂ ಒಂದೇ ಸುಂದರ ಮಾದರಿಯಲ್ಲಿ ನೋಡಲು ಹೋದರೆ ಅದನ್ನು ಮುರಿದು ನೋಡುವ ಮನಸ್ಸೇ ಬರುವುದಿಲ್ಲ.

ಪ್ರಶ್ನೆ: ತಯಾರಕರೊಬ್ಬರು ನನ್ನ ವಿನ್ಯಾಸಕ್ಕೆ ರಾಯಲ್ಟಿ (ಮಾರಾಟದಲ್ಲಿ ಶೇಕಡಾವಾರು ಪಾಲು) ಕೊಡುತ್ತೇವೆ ಎನ್ನುತ್ತಿದ್ದಾರೆ. ಒಪ್ಪಲೇ? ಅವರಿಗೆ ಏನೇನು ಕೊಡಬೇಕು?

ಉತ್ತರ: ರಾಯಲ್ಟಿ ಮಾತ್ರವೇ ಆದರೆ ಒಪ್ಪಬೇಡಿ, ಕೆಲಸದ ಶ್ರಮಕ್ಕೆ ಮುಂಗಡ ಇರಲಿ. ಒಪ್ಪಂದದಲ್ಲಿ ನಾಲ್ಕು ಮಾತು ಇಲ್ಲದಿದ್ದರೆ ಶೇಕಡಾವಾರಿಗೆ ಅರ್ಥವಿಲ್ಲ. ಯಾವ ಬೆಲೆಯ ಮೇಲೆ ಲೆಕ್ಕ, ಕಾರ್ಖಾನೆ ಬಿಡುವ ಬೆಲೆಯೋ ಅಂಗಡಿ ಬೆಲೆಯೋ. ಲೆಕ್ಕಪತ್ರ ಎಷ್ಟು ತಿಂಗಳಿಗೊಮ್ಮೆ ನಿಮ್ಮ ಕೈಗೆ ಬರುತ್ತದೆ. ಗೊತ್ತಾದ ಅವಧಿಯಲ್ಲಿ ಮಾರುಕಟ್ಟೆಗೆ ಬಿಡದಿದ್ದರೆ ಹಕ್ಕು ನಿಮಗೆ ವಾಪಸಾಗುತ್ತದೆಯೇ. ಅಚ್ಚು ಯಾರದ್ದು. ನಾಲ್ಕನೆಯದನ್ನು ಬಹಳ ಜನ ಮರೆಯುತ್ತಾರೆ. ತಯಾರಕರನ್ನು ಬದಲಿಸಬೇಕಾದಾಗ ನೆನಪಾಗುತ್ತದೆ.

ಕೊಡಬೇಕಾದದ್ದು: ಸ್ಟೆಪ್ ಕಡತ (ಕಂಪ್ಯೂಟರಿನಲ್ಲಿ ತೆರೆಯುವ ಮೂರು ಆಯಾಮದ ಮಾದರಿ), ಅದರ ಜೊತೆ ಅಳತೆ ಹಾಕಿದ ಕಾಗದದ ನಕ್ಷೆ. ನಕ್ಷೆಯಲ್ಲಿ ಎಲ್ಲ ಅಳತೆಗೂ ಬಿಗಿ ಸಹಿಷ್ಣುತೆ (ಅಳತೆ ಎಷ್ಟು ಹೆಚ್ಚುಕಡಿಮೆಯಾಗಬಹುದು ಎಂಬ ಮಿತಿ) ಬರೆಯಬೇಡಿ, ಕಾರ್ಖಾನೆ ಯಾವುದನ್ನೂ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ. ಕೂಡುವ, ತಿರುಗುವ, ಸೋರದಿರಬೇಕಾದ ಐದಾರು ಅಳತೆಗೆ ಮಾತ್ರ ಗುರುತು ಹಾಕಿ. ಪ್ಲಾಸ್ಟಿಕ್ಕಿನ ಗ್ರೇಡ್, ಮೇಲ್ಮೈ ಒರಟಿನ ನಂಬರು, ಎರಡೂ ಕಡೆಯವರು ಸಹಿ ಹಾಕಿದ ಬಣ್ಣದ ತುಂಡು, ಕಣ್ಣಿಗೆ ಬೀಳುವ ಮೈಗಳು ಯಾವುವು ಎಂಬ ಗುರುತು. ಮೊದಲ ಮೋಲ್ಡ್ ತುಂಡುಗಳನ್ನು ಬಿಸಿಯಾಗಿರುವಾಗ ಅಳೆಯಬೇಡಿ. ಒಂದು ದಿನ ಬಿಟ್ಟು, ಕನಿಷ್ಠ ಐದು ತುಂಡು ಅಳೆಯಿರಿ. ಅಚ್ಚಿನಲ್ಲಿ ತುಂಡು ರೂಪುಗೊಳ್ಳುವ ಕುಳಿ ಒಂದಕ್ಕಿಂತ ಹೆಚ್ಚು ಇದ್ದರೆ ಪ್ರತಿ ಕುಳಿಯಿಂದಲೂ ಐದು.

ಪ್ರಶ್ನೆ: ವಿನ್ಯಾಸವನ್ನು ಪ್ರದರ್ಶನದಲ್ಲಿಟ್ಟು ಜನ ಏನನ್ನುತ್ತಾರೆ ನೋಡಿ, ಆಮೇಲೆ ನೋಂದಾಯಿಸಬಹುದೇ?

ಉತ್ತರ: ಕ್ರಮ ತಿರುವುಮುರುವು ಮಾಡಿ. ಹಲವು ದೇಶಗಳಲ್ಲಿ ನೋಂದಣಿಗೆ ಅರ್ಜಿ ಹಾಕುವ ಮೊದಲು ಸಾರ್ವಜನಿಕವಾಗಿ ತೋರಿಸಿದ ವಿನ್ಯಾಸ ಹೊಸತಲ್ಲ ಎಂದಾಗುತ್ತದೆ. ಕೆಲವು ದೇಶಗಳು ಒಂದಷ್ಟು ಅವಧಿಯ ರಿಯಾಯಿತಿ ಕೊಡುತ್ತವೆ, ಆದರೆ ಅದರ ಅಳತೆ ದೇಶದಿಂದ ದೇಶಕ್ಕೆ ಬೇರೆ. ಅರ್ಜಿಗೆ ಮುಂಚೆ ತೋರಿಸಲೇಬೇಕಾದರೆ ಗೋಪ್ಯತೆಯ ಒಪ್ಪಂದಕ್ಕೆ ಸಹಿ ಹಾಕಿಸಿ, ಏನು ತೋರಿಸಿದಿರಿ, ಯಾವ ದಿನ ಎಂದು ಬರೆದಿಡಿ. ಸಾಮಾಜಿಕ ಜಾಲತಾಣಕ್ಕೆ ಹಾಕಿದ ಒಂದು ಚಿತ್ರವೂ ಸಾರ್ವಜನಿಕವೇ, ಅದು ಮಸುಕಾಗಿದ್ದರೂ.